ತೊಟ್ಟು ಬಿಟ್ಟ ಹಳೇ ಕೋಟ್‌ಗೆ ಎಷ್ಟು ಕೊಡಬೇಕು?

ಬಳಸಿದಷ್ಟೂ ಬೆಲೆ ಇಳಿಯುವುದು ಲೋಕದ ರೂಢಿ. ಆನ್‌ಲೈನ್‌ನಲ್ಲಿ ಮಾರಾಟಕ್ಕಿಟ್ಟ ಹಳೇ ಬಟ್ಟೆಗೆ ಮಾತ್ರ ಈ ರೂಢಿ ಅನ್ವಯಿಸುವುದಿಲ್ಲ. ಅಂಗಡಿಯಲ್ಲಿ ನೇತಾಡುತ್ತಿದ್ದಾಗ ಯಾರೂ ತಿರುಗಿ ನೋಡದ ಅಂಗಿಯೊಂದನ್ನು ಯಾರೋ ನಾಲ್ಕು ವರ್ಷ ತೊಟ್ಟು, ಕಾಲರ್ ಸವೆಸಿ, ಮರದ ಹ್ಯಾಂಗರ್‌ಗೆ ಹಾಕಿ ಕಿಟಕಿ ಪಕ್ಕ ಫೋಟೋ ಹೊಡೆದರೆ ಸಾಕು, ಅದು 'ವಿಂಟೇಜ್' ಆಗಿಬಿಡುತ್ತದೆ. ಅಂಥದ್ದೇ ಹೊಸ ಅಂಗಿ ಅದೇ ವಾರ ಸೇಲ್‌ನಲ್ಲಿ ಅದಕ್ಕಿಂತ ಅಗ್ಗಕ್ಕೆ ಸಿಗುತ್ತಿರುತ್ತದೆ. ಆದರೆ ಹೊಸದನ್ನು ಕೊಂಡರೆ ಭೂಮಿ ಉಳಿಸಿದ ಪುಣ್ಯ ಬರುವುದಿಲ್ಲವಲ್ಲ. ಪುಣ್ಯಕ್ಕೂ ಒಂದು ದರವಿದೆ, ಅದನ್ನು ಅಂಗಿಯ ಬೆಲೆಗೇ ಸೇರಿಸಲಾಗಿದೆ.

'ಒಮ್ಮೆ ಮಾತ್ರ ತೊಟ್ಟಿದ್ದು' ಎಂದು ಬರೆದಿರುತ್ತಾರೆ. ಫೋಟೋ ದೊಡ್ಡದು ಮಾಡಿ ನೋಡಿದರೆ ಕಂಕುಳಲ್ಲಿ ಅಂಗೈಯಗಲದ ಹಳದಿ ಕಲೆ. ಸುಳ್ಳು ಎನ್ನಲಾಗದು. ತೊಟ್ಟಿದ್ದು ಒಮ್ಮೆಯೇ ಇರಬಹುದು, ಆ ಒಮ್ಮೆ ಮೂರು ವರ್ಷ ನಡೆದಿರಬೇಕು.

ಮೊದಲ ಏಟು ಬೀಳುವುದು ಅಡ್ಡಗೆರೆ ಎಳೆದ ಬೆಲೆಯಿಂದ. ಒಂದು ಹಳೇ ಕೋಟು ನೋಡುತ್ತಿದ್ದೀರಿ ಎನ್ನಿ: ಮೂಲ ಬೆಲೆ 100, ಈಗ ಕೇವಲ 45. ಇದರ ಮಹಿಮೆಯನ್ನು ಟ್ವೆರ್ಸ್ಕಿ ಮತ್ತು ಕಾನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1974ರಲ್ಲೇ ತೋರಿಸಿಕೊಟ್ಟಿದ್ದಾರೆ. ಜನರ ಎದುರು ಒಂದು ಅಂಕಿಚಕ್ರ ತಿರುಗಿಸಿದರು. ಅದು ಕೆಲವರಿಗೆ 10ಕ್ಕೆ, ಉಳಿದವರಿಗೆ 65ಕ್ಕೆ ನಿಲ್ಲುವಂತೆ ಮೊದಲೇ ಕೈಚಳಕ ಮಾಡಿಟ್ಟಿದ್ದರು. ಆಮೇಲೆ ವಿಶ್ವಸಂಸ್ಥೆಯ ಸದಸ್ಯರಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಕೇಳಿದರು. 10 ಕಂಡವರ ಅಂದಾಜು 25ರ ಸುತ್ತ, 65 ಕಂಡವರದು 45ರ ಸುತ್ತ. ಚಕ್ರಕ್ಕೂ ಆಫ್ರಿಕಾಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅಡ್ಡಗೆರೆಯ 100ಕ್ಕೂ ಎದುರಿಗಿರುವ ಕೋಟ್‌ಗೂ ಇರುವ ಸಂಬಂಧ ಹೆಚ್ಚುಕಡಿಮೆ ಅಷ್ಟೇ, ಇಲ್ಲಿ ಚಕ್ರ ಮಾರುವವರ ಕೈಯಲ್ಲೇ ಇದೆ.

ಹಾಗಾಗಿ 100 ಎಂಬುದನ್ನು ನೀವೇ ಹುಡುಕಬೇಕು. ಅಂಥದ್ದೇ ಬಟ್ಟೆ, ಅಂಥದ್ದೇ ಹೊಲಿಗೆಯ ಹೊಸ ಕೋಟು ಇವತ್ತು ಸೇಲ್‌ನಲ್ಲಿ ಎಷ್ಟಕ್ಕೆ ಸಿಗುತ್ತದೋ ಅದು 100, ಮುಂದಿನ ಬೆಲೆಗಳೆಲ್ಲ ಅದಕ್ಕೆ ಹೋಲಿಸಿ ಹಿಡಿದವು. ಹಳೆಯದರ ದರ ತಿಳಿಯಲು ಮಾರಾಟವಾಗಿ ಹೋದವುಗಳ ಪಟ್ಟಿ ನೋಡಬೇಕು. ಈಬೇಯಂಥ ಆನ್‌ಲೈನ್ ಮಾರುಕಟ್ಟೆಯಲ್ಲಿ ಇದಕ್ಕೆಂದೇ 'ಸೋಲ್ಡ್' ಎಂಬ ಫಿಲ್ಟರ್ ಇದೆ. ಜನ ಅದನ್ನು ಮುಟ್ಟುವುದಿಲ್ಲ. ಇನ್ನೂ ಮಾರಾಟವಾಗದೆ ಕೂತವುಗಳ ಬೆಲೆಯನ್ನೇ ಮಾರುಕಟ್ಟೆ ದರ ಎಂದು ನಂಬುತ್ತಾರೆ. ಆರು ತಿಂಗಳಿಂದ 80ಕ್ಕೆ ಕೂತ ಕೋಟು ಹೇಳುವುದು ಒಂದೇ ಮಾತು: 80ಕ್ಕೆ ಅದು ಹೋಗುವುದಿಲ್ಲ. ಮಾರಾಟವಾದ ಎಂಟು ಹತ್ತನ್ನು ಬೆಲೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ಹಿಡಿಯಿರಿ. ತುದಿಯಲ್ಲಿರುವ ಅತಿ ದುಬಾರಿಯದನ್ನು ಯಾರೋ ರಾತ್ರಿ ಒಂದು ಗಂಟೆಯಲ್ಲಿ ಕೊಂಡಿರುತ್ತಾರೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಈಗ ನಿಜವಾದ ಕೂಡುವ ಲೆಕ್ಕ. ಕೋಟ್‌ಗೆ ಕೇಳಿದ್ದು 45. ಖರೀದಿದಾರರ ರಕ್ಷಣಾ ಶುಲ್ಕ 3, ಅಂದರೆ ನಿಮ್ಮ ರಕ್ಷಣೆಗೆ ನೀವೇ ಕೊಡಬೇಕಾದ ಕಪ್ಪ. ಶಿಪ್ಪಿಂಗ್ 9. ಬಂದ ಮೇಲೆ ಡ್ರೈಕ್ಲೀನ್ 8. ತೋಳು ಗಿಡ್ಡ ಮಾಡಲು ಟೈಲರ್‌ಗೆ 12. ಎರಡು ಗುಂಡಿಗೆ 1. ಒಟ್ಟು 78. ಇಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಖಾಸಗಿಯವರಿಂದ ಕೊಂಡದ್ದು ಮೈಗೆ ಆಗಲಿಲ್ಲವೆಂದರೆ ಸಾಮಾನ್ಯವಾಗಿ ವಾಪಸ್ ಇಲ್ಲ. ನಾಲ್ಕು ಕೊಂಡರೆ ಒಂದು ಆಗುವುದಿಲ್ಲ ಎಂದು ಉದಾರವಾಗಿಯೇ ಹಿಡಿಯೋಣ. ಆ ಒಂದಕ್ಕೆ ಸುರಿದ 57 ಉಳಿದ ಮೂರರ ತಲೆಗೆ 19ರಂತೆ ಬೀಳುತ್ತದೆ. 78ಕ್ಕೆ 19 ಸೇರಿಸಿದರೆ 97. ಹೊಸದು 100, ಹಳೆಯದು 97, ಉಳಿತಾಯ 3. ಹೊಸದಾಗಿದ್ದರೆ ಅಂಗಡಿಯವರು ಬೇರೆ ಅಳತೆಗಾದರೂ ಬದಲಾಯಿಸಿ ಕೊಡುತ್ತಿದ್ದರು.

ಇದೇ ಲೆಕ್ಕವನ್ನು ಹಿಂದಿನಿಂದ ಮಾಡಿದರೆ ಎಷ್ಟು ಕೊಡಬೇಕೆಂಬುದು ತಾನಾಗಿ ಸಿಗುತ್ತದೆ. ಎಲ್ಲ ಸೇರಿ ಹೊಸದರ ಬೆಲೆಯ ಶೇಕಡಾ ಅರವತ್ತು ದಾಟಿದರೆ ಹಳೇ ಕೋಟಿನ ಗೊಡವೆಯೇ ಬೇಡ ಎಂಬುದು ನಮ್ಮ ಗೆರೆ. ಆ ಗೆರೆಯೊಳಗೆ ನಿಲ್ಲಬೇಕಾದರೆ, ಟೈಲರ್, ಗುಂಡಿ, ಡ್ರೈಕ್ಲೀನ್ ಯಾವುದೂ ಬೇಡದ ಕೋಟಿಗೆ 33ರವರೆಗೆ ಕೊಡಬಹುದು: ಶುಲ್ಕ, ಶಿಪ್ಪಿಂಗ್ ಸೇರಿ 45, ಆಗದೆ ಹೋದದ್ದರ ಪಾಲು 15, ಒಟ್ಟು 60. ಎಲ್ಲವೂ ಬೇಕಾದ ಕೋಟಿಗೆ 17. ಅದನ್ನೇ 45ಕ್ಕೆ ಕೊಂಡು 'ಅರ್ಧಕ್ಕಿಂತ ಕಡಿಮೆಗೆ ಸಿಕ್ಕಿತು' ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವರಿಗೆ ಕೊರತೆಯಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಕೆಲವರು ಇನ್ನೂ ಬುದ್ಧಿವಂತರು. ಒಂದು ಸಲ ತೊಡಲು ಎಷ್ಟು ಬಿತ್ತು ಎಂದು ಭಾಗಿಸುತ್ತಾರೆ. ಇನ್ನೂರು ಸಲ ತೊಡುತ್ತೇನೆ, ಹಾಗಾಗಿ ಪುಕ್ಕಟೆಗೆ ಸಮ. ಸೂತ್ರದಲ್ಲಿ ತಪ್ಪಿಲ್ಲ, ಇನ್ನೂರು ಎಲ್ಲಿಂದ ಬಂತು ಎಂಬುದೇ ಪ್ರಶ್ನೆ. ಕಪಾಟಿನಲ್ಲಿರುವ ಅಂಥದ್ದೇ ಬಟ್ಟೆಯನ್ನು ಹೋದ ವರ್ಷ ಎಷ್ಟು ಸಲ ತೊಟ್ಟಿರಿ? ಆರು ಸಲವಾದರೆ ಭಾಗಿಸಬೇಕಾದದ್ದು ಆರರಿಂದ, ಅದನ್ನು ಬಟ್ಟೆಗೆ ಉಳಿದಿರುವ ವರ್ಷಗಳಿಂದ ಗುಣಿಸಿಕೊಂಡು.

ಉಳಿದ ಆಯುಸ್ಸು ಎಷ್ಟು ಎಂಬುದು ಬಟ್ಟೆಯಲ್ಲೇ ಬರೆದಿರುತ್ತದೆ, ವಿವರಣೆಯಲ್ಲಲ್ಲ. ರೆಕ್ಸಿನ್ನಿನಂಥ ಕೃತಕ ಚರ್ಮದ ಜಾಕೆಟ್ ತೆಗೆದುಕೊಳ್ಳಿ. 'ಕಪಾಟಿನಿಂದ ಹೊರಗೇ ತೆಗೆದಿಲ್ಲ' ಎಂಬ ಹೆಗ್ಗಳಿಕೆಗೆ ಹತ್ತು ಹೆಚ್ಚು ಕೇಳುತ್ತಾರೆ. ಅದರ ಮೇಲಿನ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಪದರ ಗಾಳಿಯ ತೇವಕ್ಕೇ ಒಡೆಯುತ್ತಾ ಹೋಗುತ್ತದೆ. ತೊಟ್ಟರೂ ಅಷ್ಟೇ, ತೊಡದೆ ತೂಗುಹಾಕಿದರೂ ಅಷ್ಟೇ. ಕೆಲವು ವರ್ಷ ಕಳೆದ ಮೇಲೆ ಮೊಣಕೈ, ಕಾಲರ್, ಕೈಕೊನೆಗಳಲ್ಲಿ ಹೊಪ್ಪಳ ಹೊಪ್ಪಳವಾಗಿ ಉದುರುತ್ತದೆ, ರಿಪೇರಿ ಇಲ್ಲ. ಆರು ವರ್ಷದ 'ಹೊಚ್ಚಹೊಸ' ಕೃತಕ ಚರ್ಮಕ್ಕೆ ಶಿಪ್ಪಿಂಗ್ ಕೊಡುವುದೂ ನಷ್ಟ.

ಸ್ಟ್ರೆಚ್ ಜೀನ್ಸ್‌ನದೂ ಹೆಚ್ಚುಕಡಿಮೆ ಇದೇ ಕಥೆ. ಅದರೊಳಗಿನ, ಹಿಗ್ಗಿ ಕುಗ್ಗುವ ಇಲಾಸ್ಟೇನ್ ನೂಲು ಡ್ರೈಯರ್ ಶಾಖಕ್ಕೂ ಕ್ಲೋರಿನ್ ಬ್ಲೀಚ್‌ಗೂ ಸೋಲುತ್ತದೆ. ತೊಡೆಸಂದಿಯ ಒಳಬದಿಯ ಫೋಟೋ ಕೇಳಿ. ಅಲ್ಲಿ ಬಿಳಿ ಎಳೆಗಳು ಕೂದಲಿನಂತೆ ಹೊರಗೆ ಇಣುಕುತ್ತಿದ್ದರೆ ಆ ಪ್ಯಾಂಟಿನ ಕಾಲ ಮುಗಿಯಿತು. ಮೊಣಕಾಲಲ್ಲಿ ಉಬ್ಬಿ ನಿಂತದ್ದು ಒಗೆದರೂ ಒಳಹೋಗುವುದಿಲ್ಲ. ಇಲಾಸ್ಟಿಕ್ ಸೊಂಟಪಟ್ಟಿಯನ್ನು ಎಳೆದಾಗ ಒಳಗೆ ಚಟಪಟ ಸದ್ದು ಬಂದರೆ ರಬ್ಬರ್ ಸತ್ತಿದೆ ಎಂದರ್ಥ. ಎಳೆದು ವಿಡಿಯೋ ಕಳಿಸಿ ಎಂದು ಕೇಳಬಹುದು, ನಾಚಿಕೆ ಬೇಡ.

ಉಣ್ಣೆಯ ವಿಷಯಕ್ಕೆ ಬಂದರೆ, ಮೊದಲು ಒಳಗಿನ ಲೇಬಲ್ ಓದಬೇಕು. ದಪ್ಪ ಅಕ್ಷರದ 'ವುಲ್ ಬ್ಲೆಂಡ್' ಪಕ್ಕದಲ್ಲೇ ಸಣ್ಣಕ್ಷರದಲ್ಲಿ 'ಉಣ್ಣೆ 8, ಅಕ್ರಿಲಿಕ್ 92' ಎಂದಿರುತ್ತದೆ. ಕುರಿ ಆ ದಾರಿಯಲ್ಲಿ ಹಾದುಹೋಗಿದ್ದಿರಬೇಕು. ಕಂಕುಳ ಕೆಳಗೆ, ಪಕ್ಕೆಯಲ್ಲಿ, ಬ್ಯಾಗ್ ಉಜ್ಜುವ ಜಾಗದಲ್ಲಿ ನೂಲಿನ ಸಣ್ಣ ಉಂಡೆಗಳು ಮೊದಲು ಏಳುತ್ತವೆ. ನೇರ ಫ್ಲ್ಯಾಶ್ ಹೊಡೆದರೆ ಅವು ಫೋಟೋದಲ್ಲಿ ಕಾಣುವುದಿಲ್ಲ, ಪಕ್ಕದಿಂದ ಬೆಳಕು ಬಿದ್ದರೆ ಒಂದೊಂದೂ ಎಣಿಸುವಂತೆ ಕಾಣುತ್ತವೆ. ಬಟ್ಟೆಯನ್ನು ಕಿಟಕಿಗೆ ಹಿಡಿದು ಒಂದು ಫೋಟೋ ಕಳಿಸಿ ಎನ್ನಿ. ನುಸಿ ತಿಂದ ತೂತುಗಳು ಆಗ ನಕ್ಷತ್ರದಂತೆ ಬೆಳಗುತ್ತವೆ. ಬಿಸಿನೀರಿಗೆ ಬಿದ್ದು ಗಟ್ಟಿ ಕಟ್ಟಿದ ಸ್ವೆಟರ್ ಮತ್ತೆ ಹಿಗ್ಗುವುದಿಲ್ಲ, ಅದನ್ನು 'ದಪ್ಪ ನೇಯ್ಗೆ' ಎಂದು ಮಾರುವುದು ವಾಡಿಕೆ. ಪಾಲಿಯೆಸ್ಟರ್ ಅಂಗಿ ಹತ್ತಿಯ ಅಂಗಿಗಿಂತ ಹೆಚ್ಚು ಬೆವರು ವಾಸನೆ ಹಿಡಿದಿಡುತ್ತದೆ. ಫೋಟೋಗೆ ವಾಸನೆ ಇಲ್ಲ ಎಂಬುದೇ ಈ ಇಡೀ ವ್ಯಾಪಾರದ ಅಡಿಪಾಯ.

ಲೇಬಲ್‌ನ ಮೇಲಿನ ಅಳತೆಯನ್ನು ನಂಬುವವರು ಈಗಲೂ ಇದ್ದಾರೆ. ಅಮೆರಿಕ ಸರ್ಕಾರ 1939-40ರಲ್ಲಿ ಸುಮಾರು 15,000 ಮಹಿಳೆಯರ ಮೈ ಅಳತೆ ತೆಗೆಸಿ, ಅದರ ಆಧಾರದ ಮೇಲೆ 1958ರಲ್ಲಿ ಉಡುಪಿನ ಅಳತೆಗೊಂದು ಮಾನದಂಡ ತಂದು, 1983ರಲ್ಲಿ ಕೈಬಿಟ್ಟಿತು. ಈಗ ಪ್ರತಿ ಬ್ರ್ಯಾಂಡಿಗೂ ತನ್ನದೇ 'ಎಂ'. ಗಿರಾಕಿಗೆ ಖುಷಿಯಾಗಲೆಂದು 34 ಇಂಚಿನ ಸೊಂಟಕ್ಕೆ 32 ಎಂದು ಬರೆಯುವ ಸೌಜನ್ಯ ಬೇರೆ. ನಿಮಗೆ ಚೆನ್ನಾಗಿ ಕೂರುವ ಅಂಗಿಯೊಂದನ್ನು ಗುಂಡಿ ಹಾಕಿ ಮೇಜಿನ ಮೇಲೆ ಹರಡಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಟೇಪು ಹಿಡಿಯಿರಿ. ಭುಜದ ಹೊಲಿಗೆಯಿಂದ ಹೊಲಿಗೆಗೆ, ತೋಳಿನುದ್ದ, ಕಾಲರ್ ಕೆಳಗಿನಿಂದ ಬೆನ್ನುದ್ದ. ಈ ನಾಲ್ಕು ಅಂಕಿ ಫೋನಿನಲ್ಲಿರಲಿ. ಹರಡಿದಾಗ 2 ಸೆಂಟಿಮೀಟರ್ ವ್ಯತ್ಯಾಸವೆಂದರೆ ಮೈ ಸುತ್ತ 4. ಪ್ಯಾಂಟಾದರೆ ಮುಂದಿನ ಸೊಂಟಪಟ್ಟಿ ಹಿಂದಿನದಕ್ಕಿಂತ ಕೆಳಗಿಳಿದಿರುತ್ತದೆ, ಎರಡನ್ನೂ ಸರಿಸಿ ಒಂದೇ ಸಮಕ್ಕೆ ತಂದು ಅಳೆಯಬೇಕು.

ಇಷ್ಟು ಅಳತೆ ಕೇಳಿದರೆ ಬರುವ ಉತ್ತರ: 'ನನಗೆ ಸರಿಯಾಗಿ ಆಗ್ತಿತ್ತು ಮೇಡಂ.' ಆ 'ನಾನು' ಯಾರು, ಎಷ್ಟೆತ್ತರ, ದೇವರೇ ಬಲ್ಲ.

ಆಗದಿದ್ದರೆ ಆಲ್ಟರ್ ಮಾಡಿಸಿದರಾಯಿತು ಎಂಬ ಧೈರ್ಯ ಇನ್ನೊಂದು. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಸೊಂಟ ಹಿಡಿಸುವುದು ಸಲೀಸು. ಹೊಲಿಗೆ ಬಿಡಿಸಿ ದೊಡ್ಡದು ಮಾಡಬೇಕಾದರೆ ಒಳಗೆ ಬಟ್ಟೆ ಮಿಕ್ಕಿರಬೇಕು. ಮಿಕ್ಕಿದ್ದರೂ ಹಳೇ ಮಡಿಕೆಯ ಗೆರೆ, ಬಿಸಿಲು ಕಾಣದ ಪಟ್ಟಿಯ ಗಾಢ ಬಣ್ಣ ಹೊರಗೆ ಬಂದು ಕೂರುತ್ತವೆ. ಕೋಟಿನ ಭುಜ ಕಿರಿದು ಮಾಡಿಸಲು ತೋಳು ಬಿಚ್ಚಬೇಕು, ಪ್ಯಾಡ್ ತೆಗೆಯಬೇಕು, ಅಸ್ತರು ಬಿಚ್ಚಿ ಹೊಲಿಯಬೇಕು. ಮೂಗಿಗಿಂತ ಮೂಗುತಿ ಭಾರ. ಭುಜ ಸರಿಯಿಲ್ಲದ ಕೋಟಿಗೆ ನ್ಯಾಯವಾದ ಬೆಲೆ ಸೊನ್ನೆ, ಬ್ರ್ಯಾಂಡ್ ಯಾವುದೇ ಇರಲಿ.

ಇನ್ನು ಚೌಕಾಸಿ. ಮೆಸೇಜ್ ಪೆಟ್ಟಿಗೆಯಲ್ಲಿ ಬೆಳಗಿನವರೆಗೆ ನಡೆಯುವ ಸಂಧಾನವಿದು.

'ಸರ್, ಲಾಸ್ಟ್ ಪ್ರೈಸ್ ಹೇಳಿ.'

'ಮೇಡಂ, ಆಗ್ಲೇ ಲಾಸ್‌ನಲ್ಲಿ ಕೊಡ್ತಿದೀನಿ. ಇನ್ನಿಬ್ರು ಕೇಳಿದಾರೆ.'

ಇನ್ನಿಬ್ಬರು ಕೇಳಿರುವುದು ನಿಜ. ಅವರೂ ಲಾಸ್ಟ್ ಪ್ರೈಸನ್ನೇ ಕೇಳಿದ್ದಾರೆ. ಈ ಮಾತುಕತೆಗಿಂತ ಹೃದಯದ ಗುರುತು ಒತ್ತಿ ಸುಮ್ಮನಿರುವುದು ಲಾಭ. ಹಲವು ಆ್ಯಪ್‌ಗಳಲ್ಲಿ ಲೈಕ್ ಮಾಡಿದವರಿಗೇ ಇಳಿಸಿದ ಬೆಲೆ ಕಳಿಸುವ ಸೌಲಭ್ಯ ಮಾರುವವರಿಗಿದೆ. ಮೂರು ವಾರ ಕೂತ ಬಟ್ಟೆಯವರು ಮೊದಲ ದಿನದ ಗತ್ತಿನಲ್ಲಿರುವುದಿಲ್ಲ. ಕೇಳಲೇಬೇಕೆಂದಿದ್ದರೆ ಅಂಕಿ ಹಾಕಿಯೇ ಕೇಳಿ, ಐದನೇ ಒಂದು ಭಾಗ ಕಡಿಮೆಗೆ ಯಾರೂ ಮುನಿಸಿಕೊಳ್ಳುವುದಿಲ್ಲ. ಒಬ್ಬರಿಂದಲೇ ಎರಡು ಮೂರು ಕೊಂಡರೆ ಶಿಪ್ಪಿಂಗ್ ಒಂದೇ ಸಲ ಎಂಬುದೂ ಸರಿ. ಅದನ್ನು ಓದಿಕೊಂಡವರು 9ರ ಶಿಪ್ಪಿಂಗ್ ಉಳಿಸಲು 20ರ ಬೇಡದ ಸ್ಕಾರ್ಫ್ ಸೇರಿಸುತ್ತಾರೆ.

ಹರಾಜಿನಲ್ಲಿ ಹುಚ್ಚು ಪೂರ್ತಿ ಬಿಚ್ಚಿಕೊಳ್ಳುತ್ತದೆ. 1995ರಲ್ಲಿ ಶುರುವಾದ ಈಬೇಯ ಹರಾಜಿನಲ್ಲಿ ನಿಮ್ಮ ಗರಿಷ್ಠ ಅಂಕಿಯನ್ನು ಒಂದೇ ಸಲ ಕೊಟ್ಟರೆ ಸಾಕು, ಎರಡನೆಯವರ ಅಂಕಿಗಿಂತ ಒಂದು ಮೆಟ್ಟಿಲು ಮೇಲಿನ ಬೆಲೆಗಷ್ಟೇ ಅದು ನಿಮಗೆ ಸಿಗುತ್ತದೆ. ಇಂಥ ಹರಾಜಿನಲ್ಲಿ ಮನಸ್ಸಿನಲ್ಲಿರುವ ನಿಜವಾದ ಬೆಲೆ ಬರೆದುಕೊಡುವುದೇ ಜಾಣತನ ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ವಿವರಿಸಿದರು, 1996ರಲ್ಲಿ ನೊಬೆಲ್ ಪಡೆದರು. ನಮ್ಮವರು ಮಾತ್ರ ಎರಡೆರಡೇ ಏರಿಸುತ್ತಾ ಕೂರುತ್ತಾರೆ. ಮುಗಿಯಲು ಹತ್ತು ನಿಮಿಷವಿದ್ದಾಗ ಕೋಟು ಮರೆತು, ಎದುರಿನ ಅಪರಿಚಿತರನ್ನು ಸೋಲಿಸುವುದೊಂದೇ ಗುರಿಯಾಗುತ್ತದೆ. ಕೊನೆಗೆ 'ಅಭಿನಂದನೆಗಳು, ನೀವು ಗೆದ್ದಿರಿ' ಎಂದು ಸಂದೇಶ ಬರುತ್ತದೆ. ದುಡ್ಡು ಕೊಡಬೇಕಾದವರನ್ನು ಗೆದ್ದವರು ಎಂದು ಕರೆಯುವ ಆಟ ಬೇರೊಂದಿಲ್ಲ. 33 ಎಂದು ಲೆಕ್ಕ ಬಂದಿದ್ದರೆ ಕೊನೆಯ ಕೆಲವು ಸೆಕೆಂಡುಗಳಲ್ಲಿ 33 ಒತ್ತಿ ಫೋನ್ ಕೆಳಗಿಡಿ. ಶಿಪ್ಪಿಂಗ್ ಅದರಲ್ಲಿ ಸೇರಿಲ್ಲವೆಂಬುದು ನೆನಪಿರಲಿ. ಗಡಿಯಾಚೆಯಿಂದ ಬರುವುದಾದರೆ ಹಳೇ ಬಟ್ಟೆಗೂ ಸುಂಕ ಬೀಳಬಹುದು.

ಪಾರ್ಸೆಲ್ ಬಂತು ಎನ್ನಿ. ಉಣ್ಣೆಗೆ ನುಸಿಯ ಮೊಟ್ಟೆ ಅಂಟಿರಬಹುದು. ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯಲ್ಲಿ ಕನಿಷ್ಠ ಮೂರು ದಿನ, ದಪ್ಪ ಕೋಟಾದರೆ ಎರಡು ವಾರ ಫ್ರೀಜರ್‌ನಲ್ಲಿಡಬೇಕು ಎಂಬುದು ಬಲ್ಲವರ ಸಲಹೆ, ಒಳ್ಳೆಯ ಸಲಹೆಯೂ ಹೌದು. ಆದರೆ ಎಷ್ಟೋ ಆ್ಯಪ್‌ಗಳಲ್ಲಿ ದೂರು ಕೊಡಲು ಇರುವ ಗಡುವು ಪಾರ್ಸೆಲ್ ತಲುಪಿದ ಎರಡು ಮೂರು ದಿನ ಮಾತ್ರ. ಆಮೇಲೆ ದುಡ್ಡು ಮಾರಿದವರ ಖಾತೆಗೆ. ಆದ್ದರಿಂದ ಪೊಟ್ಟಣ ಬಿಚ್ಚುವುದನ್ನೇ ವಿಡಿಯೋ ಮಾಡಿ, ಕಿಟಕಿಗೆ ಹಿಡಿದು ತೂತು ನೋಡಿ, ನಾಲ್ಕೂ ಅಳತೆಗೆ ಟೇಪು ಹಿಡಿದು, ಮೂಸಿ, ದೂರಿದ್ದರೆ ಅಂದೇ ಬರೆದು, ಅದಾದ ಮೇಲೆ ಕೋಟನ್ನು ಫ್ರೀಜರ್‌ಗೆ ಹಾಕಿ. ಮೊದಲೇ ಹಾಕಿದವರ ಕೋಟು ಹೊರಗೆ ಬರುವಷ್ಟರಲ್ಲಿ ನುಸಿಯೂ ಇರುವುದಿಲ್ಲ, ದೂರು ಕೇಳುವವರೂ ಇರುವುದಿಲ್ಲ.