"ನೀವೇ ನೋಡಿ ಕೊಡಿ" ಎಂದರೆ ಎಷ್ಟು ಕೊಡಬೇಕು?

ಕಾರವಾರದಿಂದ ಹೊನ್ನಾವರದವರೆಗಿನ ನಮ್ಮ ಊರುಗಳಲ್ಲಿ, ಘಟ್ಟದ ಮೇಲಿನ ಶಿರಸಿಯಲ್ಲೂ, ಮನೆಗೆ ಬಂದು ಎಣ್ಣೆ ಹಚ್ಚಿ ಮಾಲೀಶು ಮಾಡುವವರನ್ನು ಎಷ್ಟು ಕೊಡಬೇಕೆಂದು ಕೇಳಿದರೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: "ನೀವೇ ನೋಡಿ ಕೊಡಿ." ನಾವು ಅದನ್ನು ಅವರ ಸಂಕೋಚವೆಂದೋ ಒಳ್ಳೆಯತನವೆಂದೋ ತಿಳಿದು, ಮನಸ್ಸಿಗೆ ತೋಚಿದ ಮೊತ್ತ ಕೊಟ್ಟು, ಮೇಲೆ ಐವತ್ತೋ ನೂರೋ ಸೇರಿಸಿ ಸಮಾಧಾನಪಟ್ಟುಕೊಳ್ಳುತ್ತೇವೆ. ಈ ರೂಢಿ ಬದಲಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ದರ ಮೊದಲ ದಿನವೇ ಪೂರ್ತಿಯಾಗಿ ನಿಗದಿಯಾಗಬೇಕು. ಭಕ್ಷೀಸು ಕೆಲಸ ಮುಗಿದ ಮೇಲೆ, ದರಕ್ಕೆ ಹೊರತಾಗಿ ಬರಬೇಕು. ಕಡಿಮೆ ದರವನ್ನು ಭಕ್ಷೀಸಿನಿಂದ ತುಂಬಿಸುವ ಲೆಕ್ಕದಲ್ಲಿ ನಷ್ಟ ಅನುಭವಿಸುವವರು ಯಾವಾಗಲೂ ದುಡಿದವರೇ.

ನಮ್ಮ ತಾಯಿಗೆ ಪಾರ್ಶ್ವವಾಯು ಆದ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ಅಂಕೋಲಾ ಕಡೆಯ ಮಹಿಳೆಯೊಬ್ಬರನ್ನು ಕಾರವಾರದ ನಮ್ಮ ಮನೆಗೆ ಕರೆಸಿಕೊಳ್ಳುತ್ತಿದ್ದೇವೆ. ಅವರ ಒಂದು ಗಂಟೆಯ ಕೆಲಸದ ಹಿಂದೆ ಏನೇನಿದೆ ಎಂಬುದು ಹತ್ತಿರದಿಂದ ನೋಡಿದಾಗ ಮಾತ್ರ ತಿಳಿಯುತ್ತದೆ. ಬೆಳಿಗ್ಗೆ ಮನೆಯ ಅಡುಗೆ ಮುಗಿಸಿ, ಬಸ್ಸಿಗೆ ಕಾದು, ಹೆದ್ದಾರಿಯಲ್ಲಿ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಬಂದು, ನಿಲ್ದಾಣದಿಂದ ಮತ್ತೆ ನಡೆದು ಮನೆ ಮುಟ್ಟುವ ಹೊತ್ತಿಗೆ ಅರ್ಧ ಬೆಳಗು ಕಳೆದಿರುತ್ತದೆ. ಎಣ್ಣೆ ಬೆಚ್ಚಗೆ ಮಾಡುವುದು, ಮಲಗಿದವರನ್ನು ಜೋಪಾನವಾಗಿ ಮಗ್ಗುಲಿಗೆ ತಿರುಗಿಸುವುದು, ಮುಗಿದ ಮೇಲೆ ಬಿಸಿನೀರಿನಲ್ಲಿ ಒರೆಸುವುದು, ನೆಲಕ್ಕೆ ಬಿದ್ದ ಎಣ್ಣೆಯನ್ನು ಯಾರೂ ಜಾರದಂತೆ ತೆಗೆಯುವುದು, ಇವೆಲ್ಲ ಆ ಗಂಟೆಯ ಆಚೆಗಿನ ಕೆಲಸಗಳು. ಹೆಬ್ಬೆರಳು ಮತ್ತು ಮಣಿಕಟ್ಟಿನ ಬಲದಿಂದಲೇ ನಡೆಯುವ ದುಡಿಮೆಯಾದ್ದರಿಂದ ದಿನವೊಂದಕ್ಕೆ ಮೂರು ನಾಲ್ಕು ಮನೆಗಳಿಗಿಂತ ಹೆಚ್ಚು ಮಾಡಲು ದೇಹವೇ ಒಪ್ಪುವುದಿಲ್ಲ. ಕೈ ಸೋತರೆ ಗಳಿಕೆಯೂ ನಿಂತಂತೆಯೇ.

ಉದ್ಯೋಗ ಖಾತರಿ ಯೋಜನೆಯಲ್ಲಿ 2025-26ರ ಸಾಲಿಗೆ ಕರ್ನಾಟಕದ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ಯಾವ ವಿಶೇಷ ಕೌಶಲವೂ ಬೇಡದ ಕೆಲಸಕ್ಕೆ ಸರಕಾರ ಕಟ್ಟಿದ ಬೆಲೆ ಅದು. ಅರ್ಧ ದಿನ ಮತ್ತು ವರ್ಷಗಳ ಅನುಭವ ಎರಡನ್ನೂ ತೆಗೆದುಕೊಂಡು ಬರುವವರಿಗೆ ಇನ್ನೂರು ರೂಪಾಯಿ ಕೊಟ್ಟು, "ನಮ್ಮ ಕಡೆ ಅಷ್ಟೇ ನಡೆಯುವುದು" ಎನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಎಣ್ಣೆ ನಮ್ಮದೇ ಆಗಿದ್ದರೂ, ದೂರದಿಂದ ಬರುವವರಿಗೆ ಒಂದು ಗಂಟೆಯ ಮಾಲೀಶಿಗೆ ಐನೂರಕ್ಕಿಂತ ಕಡಿಮೆ ಕೊಡಬಾರದು ಎಂದು ನಮ್ಮ ಮನೆಯಲ್ಲಿ ತೀರ್ಮಾನಿಸಿದ್ದೇವೆ. ಮಹಾನಾರಾಯಣ ತೈಲವನ್ನೋ ಕ್ಷೀರಬಲಾ ತೈಲವನ್ನೋ ಅವರೇ ತರುವುದಾದರೆ ಅದರ ಬೆಲೆ ಬೇರೆ.

ಪ್ರಯಾಣದ ವಿಷಯದಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರಕಾರಿ ಬಸ್ಸು ಉಚಿತ, ಹಾಗಿರುವಾಗ ದಾರಿ ಖರ್ಚು ಏಕೆ ಎಂದು ಕೇಳುವವರಿದ್ದಾರೆ. ಟಿಕೆಟ್ಟಿನ ಹಣವನ್ನು ಸರಕಾರ ಭರಿಸಬಹುದು, ಆದರೆ ಬಸ್ಸಿನಲ್ಲಿ ಕಳೆದ ಎರಡು ಗಂಟೆಯನ್ನು ಯಾರೂ ಹಿಂದಿರುಗಿಸುವುದಿಲ್ಲ. ಆ ಯೋಜನೆಯ ಲಾಭ ಸಲ್ಲಬೇಕಾದದ್ದು ಪ್ರಯಾಣ ಮಾಡಿದವರಿಗೆ, ಅವರನ್ನು ಕರೆಸಿಕೊಂಡ ನಮಗಲ್ಲ. ಬಸ್ಸಿಲ್ಲದ ಒಳಹಳ್ಳಿಗಳಿಗೆ ರಿಕ್ಷಾ ಹಿಡಿದು ಬರಬೇಕಾದಾಗ ಎರಡೂ ಕಡೆಯ ಬಾಡಿಗೆ ನಮ್ಮದೇ.

ಬಾಣಂತನದ ಕೆಲಸದಲ್ಲಿ ಈ "ನೋಡಿ ಕೊಡಿ" ಮಾಡುವ ಹಾನಿ ಇನ್ನೂ ದೊಡ್ಡದು. ತಾಯಿಗೆ ಎಣ್ಣೆ ಹಚ್ಚಿ ಮೀಯಿಸುವುದು ಒಂದು ಕೆಲಸ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುವುದು ಇನ್ನೊಂದು. ಹಂಡೆಗೆ ಬೆಂಕಿ ಹಾಕುವುದು, ಬಾಣಂತಿಯ ಬಟ್ಟೆ ಒಗೆಯುವುದು, ಕೊನೆಗೆ "ಹೇಗೂ ಕೈಯಲ್ಲಿ ಎಣ್ಣೆ ಇದೆಯಲ್ಲ" ಎಂದು ಅತ್ತೆಯ ಮೊಣಕಾಲು ತಿಕ್ಕಿಸುವುದು ಒಂದೊಂದಾಗಿ ಸೇರಿಕೊಳ್ಳುತ್ತವೆ. ಯಾವುದಕ್ಕೂ ದರ ಆಡಿರದ ಕಾರಣ ಯಾವುದಕ್ಕೂ ಇಲ್ಲವೆನ್ನಲು ಅವರಿಗೆ ಆಗುವುದಿಲ್ಲ. ಕಡೆಯ ದಿನ ಸೀರೆ, ರವಿಕೆ ಕಣ, ಅಕ್ಕಿ, ತೆಂಗಿನಕಾಯಿ ಕೊಟ್ಟು ಕಳಿಸುವುದು ನಮ್ಮಲ್ಲಿ ಚೆಂದದ ಸಂಪ್ರದಾಯ, ಅದು ಉಳಿಯಲಿ. ಆದರೆ ಆ ಸೀರೆಯ ಬೆಲೆಯನ್ನು ಕೂಲಿಯಿಂದ ಕಳೆಯುವ ಮನೆಗಳಿವೆ, ಅದನ್ನು ಒಪ್ಪಲಾಗದು. ದಿನದ ದರವನ್ನು ವಾರಕ್ಕೊಮ್ಮೆ ತಪ್ಪದೆ ಕೊಟ್ಟು, ಬಾಣಂತನ ಮುಗಿದ ದಿನ ಸೀರೆಯ ಜೊತೆಗೆ ನಾಲ್ಕೈದು ದಿನದ ಕೂಲಿಯಷ್ಟು ಹಣವನ್ನು ಭಕ್ಷೀಸಾಗಿ ಕೊಡುವುದು ನನಗೆ ಸರಿಯೆನಿಸುತ್ತದೆ. ದಿನವೂ ಹತ್ತಿಪ್ಪತ್ತು ರೂಪಾಯಿ ಮೇಲೆ ಕೊಡುವ ಅಗತ್ಯ ಇಲ್ಲ. ತಿಂಗಳುಗಟ್ಟಲೆ ಬರುವವರಿಗೆ ಚೌತಿಯ ಸಮಯದಲ್ಲಿ ಒಂದು ಮೊತ್ತ ಕೊಟ್ಟರೆ ಹಬ್ಬದ ಖರ್ಚಿಗೆ ಒದಗುತ್ತದೆ.

ಆಯುರ್ವೇದ ಕೇಂದ್ರದಿಂದಲೋ ಪ್ರವಾಸಿ ತಾಣಗಳ ಸ್ಪಾದಿಂದಲೋ ಕಳಿಸಲ್ಪಟ್ಟವರ ಸ್ಥಿತಿ ಬೇರೆ. ಅಲ್ಲಿ ದರಪಟ್ಟಿ ಇರುತ್ತದೆ, ಆದರೆ ನಾವು ಕೊಟ್ಟ ಮೊತ್ತದಲ್ಲಿ ಬಂದವರ ಕೈಗೆ ಎಷ್ಟು ಹೋಗುತ್ತದೆ ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ. ಅವರಿಗೆ ದರದ ಹತ್ತನೇ ಒಂದು ಭಾಗದಷ್ಟನ್ನು ಭಕ್ಷೀಸಾಗಿ, ಬಿಲ್ಲಿಗೆ ಸೇರಿಸದೆ, ನೇರವಾಗಿ ಅವರಿಗೇ ತಲುಪಿಸುವುದು ಒಳ್ಳೆಯದು. ಹೋಟೆಲುಗಳು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಭಕ್ಷೀಸು ಕೊಡುವವರ ಇಚ್ಛೆಗೆ ಸೇರಿದ್ದು ಎಂಬ ಆ ತತ್ವ ಮಾಲೀಶಿನ ಬಿಲ್ಲಿಗೂ ಒಪ್ಪುತ್ತದೆ. ತಮ್ಮ ದರವನ್ನು ತಾವೇ ಹೇಳಿ ಪೂರ್ತಿ ಪಡೆಯುವ ಸ್ವತಂತ್ರ ಕೆಲಸಗಾರರಿಗೆ ಪ್ರತಿ ಸಲ ಭಕ್ಷೀಸು ಕೊಡಬೇಕೆಂಬ ಕಟ್ಟಳೆಯಿಲ್ಲ; ಅವರು ಕೇಳಿದ ದರದಲ್ಲಿ ಚೌಕಾಸಿ ಮಾಡದಿರುವುದೇ ಅವರಿಗೆ ಸಲ್ಲುವ ಗೌರವ.

ಹಣ ತಲುಪುವ ಬಗೆಯೂ ಮುಖ್ಯ. ಮೊಬೈಲಿನಲ್ಲಿ ಹಾಕಿದ ಹಣ ಎಷ್ಟೋ ಸಲ ಮಗನದೋ ಗಂಡನದೋ ಖಾತೆಗೆ ಹೋಗುತ್ತದೆ, ದುಡಿದವಳ ಕೈ ಸೇರುವುದಿಲ್ಲ. ಹೇಗೆ ಕೊಡಬೇಕೆಂದು ಅವರನ್ನೇ ಕೇಳಬೇಕು, ನಗದು ಎಂದರೆ ನಗದೇ ಕೊಡಬೇಕು.

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕಾಗಿದೆ. ಭಕ್ಷೀಸಿನ ಆಸೆ ತೋರಿಸಿ ಅಸಭ್ಯವಾಗಿ ಮಾತಾಡುವ, ಮಾಲೀಶಿಗೆ ಹೊರತಾದದ್ದನ್ನು ಕೇಳುವ ಗಂಡಸರ ಕಾರಣದಿಂದ ಹಲವು ಮಹಿಳೆಯರು ಗಂಡಸರಿರುವ ಮನೆಯ ಕೆಲಸವನ್ನೇ ಬಿಟ್ಟಿದ್ದಾರೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ವಾಸದ ಮನೆಯೂ ಕೆಲಸದ ಸ್ಥಳವೇ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಲು ಅವಕಾಶವಿದೆ. ಮೊದಲ ಸಲ ಬರುವವರಿಗೆ ಮನೆಯಲ್ಲಿ ಯಾರ್‍ಯಾರು ಇರುತ್ತಾರೆಂದು ಮುಂಚಿತವಾಗಿ ತಿಳಿಸುವುದು, ಅವರು ಜೊತೆಗೊಬ್ಬರನ್ನು ಕರೆತಂದರೆ ಮುಖ ಗಂಟಿಕ್ಕದಿರುವುದು ಕರೆಸಿಕೊಂಡವರ ಕರ್ತವ್ಯ.

ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಸಾಮಾಜಿಕ ಭದ್ರತೆಯ ಕಾಯ್ದೆ ತಂದಿತು. ಕಾರ್ಮಿಕರಿಗೆ ಪಾವತಿಸುವ ಮೊತ್ತದ ಮೇಲೆ ಕಂಪನಿಗಳು ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕೆಂಬ ವ್ಯವಸ್ಥೆ ಅದರಲ್ಲಿದೆ. ಪರಿಚಯದವರ ಮಾತಿನ ಮೇಲೆ, ಒಂದು ಫೋನ್ ಕರೆಗೆ ನಮ್ಮ ಮನೆಗೆ ಬರುವ ಕುಮಟಾದ, ಅಂಕೋಲಾದ ಹೆಂಗಸರು ಯಾವ ಆ್ಯಪ್‌ನಲ್ಲೂ ಇಲ್ಲ, ಆದ್ದರಿಂದ ಆ ಕಾಯ್ದೆಯ ನೆರಳೂ ಅವರ ಮೇಲೆ ಬೀಳುವುದಿಲ್ಲ. ಅವರ ಕಾಯಿಲೆಯ ದಿನ, ಮಳೆಯ ದಿನ ಎಲ್ಲವೂ ನಾವು ಕೊಡುವ ದರದೊಳಗೇ ಅಡಗಿರಬೇಕು. ಮಳೆಗಾಲದಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಬಸ್ಸು ಅರ್ಧದಾರಿಯಲ್ಲಿ ನಿಂತರೆ ಆ ದಿನದ ಅರ್ಧ ಕೂಲಿಯನ್ನು ನಾವು ಕೊಡುತ್ತೇವೆ. ಅವರು ಬಸ್ಸು ಹತ್ತಿದ ಮೇಲೆ ನಾವೇ ಫೋನ್ ಮಾಡಿ "ಇವತ್ತು ಬೇಡ" ಎಂದರೆ ಪೂರ್ತಿ ಕೊಡುತ್ತೇವೆ, ಮತ್ತು ಇದನ್ನು ಮೊದಲ ದಿನವೇ ದರದ ಜೊತೆಗೆ ಅವರಿಗೆ ಹೇಳಿದ್ದೇವೆ.