ಕತ್ತಲಲ್ಲಿ ತಪ್ಪು ರಿಂಗು

ಟೆಕ್ಸಸ್‌ನಲ್ಲಿ ಕಾಡುಹಂದಿ ಹೊಡೆಯಲು 2019ರ ಸೆಪ್ಟೆಂಬರ್‌ನಿಂದ ಬೇಟೆ ಲೈಸೆನ್ಸೂ ಬೇಕಿಲ್ಲ. ಖಾಸಗಿ ಜಮೀನು, ಯಜಮಾನನ ಒಪ್ಪಿಗೆ, ಅಷ್ಟಿದ್ದರೆ ರಾತ್ರಿಯೂ ಹೊರಡಬಹುದು. (ಕರ್ನಾಟಕದಲ್ಲಿ ಕೂತು ಓದುತ್ತಿರುವವರು ಎದ್ದು ನಿಲ್ಲಬೇಡಿ, ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾದು ಕೂತಿದೆ.) ಆದ್ದರಿಂದ ಅಲ್ಲಿನವರು ಕೆಲವು ಸಾವಿರ ಡಾಲರ್ ಸುರಿದು ರೈಫಲ್ಲಿಗೆ ಥರ್ಮಲ್ ಸ್ಕೋಪ್, ಅಂದರೆ ಕತ್ತಲಲ್ಲೂ ಮೈಶಾಖವನ್ನೇ ಚಿತ್ರವಾಗಿ ತೋರಿಸುವ ದುರ್ಬೀನು, ಕೂರಿಸುತ್ತಾರೆ. ಮೊದಲ ರಾತ್ರಿಯೇ ಮಸುಕಾದ ಬಿಳಿ ಉಂಡೆಯೊಂದನ್ನು ಕಂಡು ಕಂಪನಿಯವರ ವಂಶೋದ್ಧಾರ ಮಾಡುತ್ತಾರೆ. ತಪ್ಪು ಸ್ಕೋಪಿನದಲ್ಲ, ತಿರುಗಿಸಿದ ರಿಂಗಿನದು.

ರಿಂಗುಗಳು ಎರಡು. ಕಣ್ಣಿನ ಕಡೆಯದು ಡಯಾಪ್ಟರ್. ಅದಕ್ಕೂ ಹಂದಿಗೂ ಸಂಬಂಧವೇ ಇಲ್ಲ. ಒಳಗಿನ ಪುಟ್ಟ ಪರದೆಯನ್ನು ನಿಮ್ಮ ಕಣ್ಣಿಗೆ ಹೊಂದಿಸುವುದಷ್ಟೇ ಅದರ ಕೆಲಸ. ಮುಂದಿನದು ದೂರಕ್ಕೆ ತಕ್ಕ ಫೋಕಸ್. ಹೊಸಬರು ಹಂದಿ ಮಸುಕಾಯಿತೆಂದು ಹಿಂದಿನದನ್ನು ತಿರುಗಿಸುತ್ತಾರೆ, ಆಮೇಲೆ ಮುಂದಿನದನ್ನು, ಮತ್ತೆ ಹಿಂದಿನದನ್ನು. ಅಷ್ಟರಲ್ಲಿ ಹಂದಿ ಜೋಳ ಮುಗಿಸಿ ಬೇಲಿ ದಾಟಿರುತ್ತದೆ. ಮನೆಯಿಂದ ಹೊರಡುವ ಮೊದಲೇ ಲೆನ್ಸಿನ ಮುಚ್ಚಳ ಹಾಕಿಕೊಂಡು, ಗುರಿಗೀಟು ಮತ್ತು ಬ್ಯಾಟರಿ ಚಿಹ್ನೆಯ ಅಂಚು ಚೂಪಾಗುವವರೆಗೆ ಡಯಾಪ್ಟರ್ ತಿರುಗಿಸಿ, ಅಲ್ಲೊಂದು ಬಣ್ಣದ ಚುಕ್ಕೆ ಇಡಿ. ಚುಕ್ಕೆ ಯಾಕೆಂದರೆ, "ಒಂದ್ ನಿಮಿಷ ಕೊಡೋ, ನೋಡ್ತೀನಿ" ಎನ್ನುವ ಕನ್ನಡಕದ ಗೆಳೆಯ ಜೊತೆಗೆ ಇದ್ದೇ ಇರುತ್ತಾನೆ.

ಮುಂದಿನ ರಿಂಗನ್ನು ಹಂದಿಯ ಹೊಟ್ಟೆ ನೋಡಿ ಹೊಂದಿಸಬೇಡಿ, ಅದು ಬರೀ ಶಾಖದ ಮುದ್ದೆ. ಅಷ್ಟೇ ದೂರದ ಬೇಲಿಗೂಟದ ಅಂಚು ಹಿಡಿಯಿರಿ. ಸಂಜೆ ಚೂಪಾಗಿದ್ದದ್ದು ಮಧ್ಯರಾತ್ರಿ ಮಸುಕಾದರೆ ಗಾಬರಿ ಬೇಡ. ಲೆನ್ಸು ಜರ್ಮೇನಿಯಮ್ಮಿನದು; ಚಳಿ ಏರಿದಂತೆ ಅದು ಕಿರಣ ಬಾಗಿಸುವ ಪ್ರಮಾಣವೇ ಬದಲಾಗುತ್ತದೆ. ಮತ್ತೊಮ್ಮೆ ತಿರುಗಿಸಿ. ಗಾಜಿನ ಲೆನ್ಸು ಯಾಕಿಲ್ಲವೆಂದು ತಿಳಿಯಬೇಕಿದ್ದರೆ ಪಿಕಪ್ಪಿನ ಕಿಟಕಿ ಏರಿಸಿ ಸ್ಕೋಪಿನಲ್ಲಿ ನೋಡಿ. ಈ ಸ್ಕೋಪು ನೋಡುವ, 8ರಿಂದ 14 ಮೈಕ್ರಾನ್ ತರಂಗಾಂತರದ ಶಾಖಕಿರಣ ಗಾಜನ್ನು ದಾಟುವುದಿಲ್ಲ. ಕಾಣುವುದು ಹೊಲವಲ್ಲ, ತಮ್ಮದೇ ಬೆಚ್ಚಗಿನ ಮುಖಾರವಿಂದ.

ನಿಜವಾದ ತಮಾಷೆ ಇರುವುದು ಕ್ಯಾಲಿಬ್ರೇಶನ್ನಿನಲ್ಲಿ, ಅಂದರೆ ಸೆನ್ಸರಿನ ಲೆಕ್ಕ ಸರಿಪಡಿಸುವುದರಲ್ಲಿ. ಸೆನ್ಸರಿನ ಒಂದೊಂದು ಬಿಂದುವೂ ಬಿಸಿಯಾಗುತ್ತ ತನ್ನದೇ ದಾರಿ ಹಿಡಿಯುತ್ತದೆ. ಪರದೆಯಲ್ಲಿ ಗೀಟು, ಕಾಳುಕಾಳು ಶುರುವಾಗುತ್ತದೆ. ಆಗ ಒಳಗಿನ ಶಟರ್ ಟಕ್ ಎಂದು ಬಿದ್ದು, ಚಿತ್ರ ಕ್ಷಣಕಾಲ ಹೆಪ್ಪುಗಟ್ಟಿ, ಲೆಕ್ಕ ಸರಿಯಾಗುತ್ತದೆ. ಆಟೋ ಮೋಡಿನಲ್ಲಿಟ್ಟರೆ ಈ ಮುಹೂರ್ತವನ್ನು ಸ್ಕೋಪೇ ನಿಶ್ಚಯಿಸುತ್ತದೆ, ಹಂದಿ ಪಕ್ಕೆ ತೋರಿಸಿದ ಕ್ಷಣಕ್ಕೇ. ಮ್ಯಾನುಯಲ್ ಇಟ್ಟು, ರೈಫಲ್ ಎತ್ತುವ ಮುಂಚೆ ನೀವೇ ಬಟನ್ ಒತ್ತಿ. ಶಟರ್ ಬಳಸದ ಮೋಡಿನಲ್ಲಿ ಮಾತ್ರ ಮುಚ್ಚಳ ಹಾಕಲೇಬೇಕು. ಮರೆತರೆ ಎದುರಿನ ಮರದ ನೆರಳುಚಿತ್ರ ಪರದೆಗೆ ಅಂಟಿಕೊಂಡು, ಮುಂದಿನ ಹೊಲದಲ್ಲೂ ಅದೇ ಮರ ಹಿಂಬಾಲಿಸುತ್ತದೆ. ಮುಚ್ಚಳ ಹಾಕಿ ತೆಗೆಯಲು ಮರೆತವರು ಇನ್ನೊಂದು ಪಂಗಡ. ಅವರಿಗೆ ಕಾಣುವಷ್ಟು ಶುದ್ಧ, ಕಲೆಯಿಲ್ಲದ ಚಿತ್ರ ಯಾರಿಗೂ ಕಾಣದು.

ಝೂಮ್ ವಿಷಯ ಬೇಗ ಮುಗಿಯುತ್ತದೆ. 640×480 ಬಿಂದುಗಳ ಸೆನ್ಸರಿನಲ್ಲಿ ಎರಡು ಪಟ್ಟು ಒತ್ತಿದರೆ ಉಳಿಯುವುದು 320×240, ನಾಲ್ಕು ಪಟ್ಟಿಗೆ 160×120. ಹಂದಿ ದೊಡ್ಡದಾಗುತ್ತದೆ, ಹಂದಿಯಾಗಿ ಉಳಿಯುವುದಿಲ್ಲ; ಅದು ಯಜಮಾನನ ಕರುವೂ ಇರಬಹುದು. ಝೂಮ್ ಇಳಿಸಿ ಕಾಲು, ಬಾಲ, ನಡಿಗೆ ನೋಡಿ. ಅನುಮಾನವಿದ್ದರೆ ಟ್ರಿಗರ್ ಮುಟ್ಟಬೇಡಿ. ಶಾಖಕ್ಕೆ ಬಣ್ಣ ಬಳಿಯುವ ಕಾಮನಬಿಲ್ಲಿನ ಪ್ಯಾಲೆಟ್ ಅಂಗಡಿಯಲ್ಲಿ ಬಾಯಿ ಬಿಡಿಸಲಿಕ್ಕೆ. ಹುಡುಕಲು ವೈಟ್ ಹಾಟ್ (ಬಿಸಿಯದ್ದು ಬಿಳಿ), ಆಕಾರ ಗುರುತಿಸಲು ಬ್ಲ್ಯಾಕ್ ಹಾಟ್ (ಬಿಸಿಯದ್ದು ಕಪ್ಪು) ಸಾಕು. ಬ್ರೈಟ್‌ನೆಸ್ ತಗ್ಗಿಸಿ, ಇಲ್ಲದಿದ್ದರೆ ಸ್ಕೋಪಿಂದ ಕಣ್ಣು ತೆಗೆದೊಡನೆ ಕಾಲಬುಡದ ಹಳ್ಳವೂ ಕಾಣದು. ಮಳೆ ನಿಂತ ಮೇಲೆ ನೆಲ, ಹುಲ್ಲು, ಕಲ್ಲು ಎಲ್ಲ ಒಂದೇ ಬಿಸಿ. ಆಗ ಕಾಂಟ್ರಾಸ್ಟ್ ಏರಿಸದೆ ವಿಧಿಯಿಲ್ಲ, ಜೊತೆಗೆ ಕಾಳುಕಾಳೂ ಏರುತ್ತದೆ. ಡಿಗ್ರಿಯ ನಲವತ್ತನೇ ಒಂದು ಭಾಗ ಗುರುತಿಸುವ ಸೆನ್ಸರ್ ಕೂಡ ಮಂಜಿನ ಮುಂದೆ ತಲೆ ಕೆರೆದುಕೊಳ್ಳುತ್ತದೆ.

ಇನ್ನು ಗುರಿ ಹೊಂದಿಸುವುದು. ರಟ್ಟಿನ ಮೇಲೆ ಬರೆದ ಕಪ್ಪು ವೃತ್ತ ಈ ಸ್ಕೋಪಿಗೆ ಕಾಣುವುದು ಕಷ್ಟ, ಎರಡೂ ಒಂದೇ ಬಿಸಿ. ಅಲ್ಯುಮಿನಿಯಮ್ ಟೇಪಿನ ತುಂಡು ಅಂಟಿಸಿ, ರಟ್ಟನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ. ಟೇಪು ತಣ್ಣನೆಯ ಆಕಾಶವನ್ನು ಪ್ರತಿಫಲಿಸಿ ವೈಟ್ ಹಾಟಿನಲ್ಲಿ ಕಪ್ಪಗೆ ಕಾಣುತ್ತದೆ. ಮೋಡ ಕವಿದ ದಿನ ಕೈ ಬೆಚ್ಚಗಿಡುವ ಪೊಟ್ಟಣ ಅಂಟಿಸಬೇಕು. ಅದನ್ನೂ ಎರಡು ಮೂರು ಹೆಚ್ಚಿಗೆ ತನ್ನಿ. ಗುರಿ ಸರಿಯಾಗಿ ಬಿದ್ದರೆ ಒಳಗಿನ ಕಬ್ಬಿಣದ ಪುಡಿಯೆಲ್ಲ ಚೆಲ್ಲಿ, ಮುಂದಿನ ಗುಂಡಿಗೆ ಗುರಿಯೇ ಇರುವುದಿಲ್ಲ.