ಮೊದಲ ಟವರ್ ಹಟ್ಟಿಗೋ, ದೊಡ್ಡ ಊರಿಗೋ?

ಸರ್ಕಾರದ ದುಡ್ಡಿನ ಟವರ್ ಸಿಗ್ನಲ್ಲೇ ಇಲ್ಲದ ಹಟ್ಟಿ, ತಾಂಡಾಗಳಿಗೇ ಮೊದಲು ಹೋಗಬೇಕಾ?

ಪರ: ಹಟ್ಟಿಗೇ ಮೊದಲು

ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಕಡೆ ಊರು ಅಂದರೆ ಒಂದೇ ಕಡೆ ಇರುವ ಮನೆಗಳಲ್ಲ. ಮೂಲ ಊರು ರಸ್ತೆ ಪಕ್ಕ, ಗೊಲ್ಲರಹಟ್ಟಿ ಅಷ್ಟು ದೂರ, ಮ್ಯಾಸನಾಯಕರ ಹಟ್ಟಿ ಗುಡ್ಡದ ಆಚೆ. ಕಂದಾಯ ದಾಖಲೆಯಲ್ಲಿ ಮಾತ್ರ ಎಷ್ಟೋ ಕಡೆ ಎಲ್ಲ ಸೇರಿ ಒಂದೇ ಗ್ರಾಮ. ಮೂಲ ಊರಲ್ಲಿ ಎರಡು ಕಡ್ಡಿ ಸಿಗ್ನಲ್ ಬಂದರೆ ಇಡೀ ಗ್ರಾಮಕ್ಕೆ ನೆಟ್‌ವರ್ಕ್ ಇದೆ ಅಂತ ಲೆಕ್ಕ. ಹಟ್ಟಿ ಪಟ್ಟಿಗೇ ಬರುವುದಿಲ್ಲ.

ಪಟ್ಟಿಗೆ ಬಾರದವರ ಪಾಡು ನೋಡಿ. ಅಜ್ಜಿಯ ಪಿಂಚಣಿ ಕೆಲಸಕ್ಕೆ ಒಟಿಪಿ ಬೇಕು. ಮೊಮ್ಮಗ ಫೋನ್ ಹಿಡಿದು ದಿಬ್ಬ ಹತ್ತುತ್ತಾನೆ. ನಂಬರ್ ಬಂತು ಅಂತ ಕೆಳಗೆ ಓಡಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಮತ್ತೆ ಹತ್ತು. ಇನ್ನು ರಾತ್ರಿ ಹೊತ್ತು 108ಕ್ಕೆ ಫೋನ್ ಮಾಡಬೇಕಾದರೆ?

ದುಡ್ಡು ಎಲ್ಲಿಯದು ಅನ್ನುವುದನ್ನೂ ಕೇಳಬೇಕಲ್ವಾ? ಟೆಲಿಕಾಂ ಕಂಪನಿಗಳು ತಮ್ಮ ಆದಾಯದಲ್ಲಿ ಶೇ 5ರಷ್ಟನ್ನು ಒಂದು ನಿಧಿಗೆ ಕಟ್ಟುತ್ತವೆ. 2002ರಲ್ಲಿ ಶುರುವಾದ ಈ ನಿಧಿಗೆ ಈಗ ಡಿಜಿಟಲ್ ಭಾರತ್ ನಿಧಿ ಅಂತ ಹೆಸರು. ಲಾಭ ಹುಟ್ಟದ ಕಡೆಗೂ ಫೋನ್ ಮುಟ್ಟಲಿ ಅಂತಲೇ ಇದನ್ನು ಮಾಡಿದ್ದು. ದೊಡ್ಡ ಊರಿಗೆ ಗಿರಾಕಿ ಹುಡುಕಿಕೊಂಡು ಕಂಪನಿ ತಾನಾಗಿಯೇ ಬರುತ್ತದೆ. ಅಲ್ಲಿಗೂ ಇದೇ ದುಡ್ಡು ಸುರಿದರೆ ನಿಧಿ ಯಾಕೆ ಬೇಕಿತ್ತು?

ವಿರೋಧ: ಜನ ಜಾಸ್ತಿ ಇರುವ ಕಡೆ ಮೊದಲು

ಹಟ್ಟಿಗೆ ಟವರ್ ಬೇಡ ಅಂತ ಯಾರೂ ಹೇಳುತ್ತಿಲ್ಲ. ‘ಮೊದಲು’ ಅನ್ನುವುದಕ್ಕೆ ಮಾತ್ರ ತಕರಾರು. 2022ರ ಜುಲೈನಲ್ಲಿ ಕೇಂದ್ರ ಒಪ್ಪಿದ 4ಜಿ ಯೋಜನೆಯಲ್ಲಿ ಸಿಗ್ನಲ್ ಇಲ್ಲದ ಹಳ್ಳಿಗಳು 24,680, ಖರ್ಚು 26,316 ಕೋಟಿ ರೂಪಾಯಿ. ಬರೀ 2ಜಿ, 3ಜಿ ಇದ್ದ 6,279 ಹಳ್ಳಿಗಳನ್ನು ಸೇರಿಸಿಕೊಂಡರೂ ಹಳ್ಳಿಗೆ 85 ಲಕ್ಷದ ಹತ್ತಿರ ಬೀಳುತ್ತದೆ. ಇಷ್ಟು ದುಡ್ಡಿಗೆ ಎಷ್ಟು ಮನೆಗೆ ಸಿಗ್ನಲ್ ಸಿಕ್ಕಿತು ಅಂತ ಕೇಳುವುದು ತಪ್ಪಲ್ಲ.

ಟವರ್ ನಿಲ್ಲಿಸುವುದು ಸುಲಭ, ನಡೆಸುವುದೇ ಕಷ್ಟ. ಕರೆಂಟ್ ಹೋದರೆ ಬ್ಯಾಟರಿ, ಬ್ಯಾಟರಿ ಇಳಿದರೆ ಡೀಸೆಲ್. ಡೀಸೆಲ್ ಹೊತ್ತು ತರಲು ರಸ್ತೆ ಬೇಕು, ಆಳು ಬೇಕು. ಟವರ್‌ಗೆ ಫೈಬರ್ ಬರಬೇಕು, ಇಲ್ಲವೇ ಅದರ ಡಿಶ್‌ಗೆ ಇನ್ನೊಂದು ಟವರ್ ನೇರ ಕಾಣಬೇಕು. ನಡುವೆ ಗುಡ್ಡ ಬಂದರೆ ಮುಗಿಯಿತು. ದಾರಿಯಲ್ಲಿರುವ ದೊಡ್ಡ ಊರಿಗೆ ಮೊದಲು ಫೈಬರ್ ತಂದರೆ ಆಮೇಲೆ ಹಟ್ಟಿಯ ಖರ್ಚೂ ಇಳಿಯುತ್ತದೆ.

ದೊಡ್ಡ ಊರಲ್ಲಿ ಟವರ್ ಇದೆ, ನಿಜ. ಸಂತೆ ದಿನ ಹೋಗಿ ನೋಡಿ. ಯುಪಿಐ ಚಕ್ರ ಸುಮ್ನೆ ತಿರುಗುತ್ತಲೇ ಇರುತ್ತದೆ, ಈರುಳ್ಳಿ ಮಾರುವವಳು ಗಿರಾಕಿಯ ಮುಖ ನೋಡುತ್ತಾ ಕೂತಿರುತ್ತಾಳೆ. ಹಟ್ಟಿಯವರೂ ಸಂತೆಗೆ, ರೇಷನ್ನಿಗೆ, ಆಸ್ಪತ್ರೆಗೆ ಇಲ್ಲಿಗೇ ಬರಬೇಕು.

ಹೋಗಲಿ, ಹಳ್ಳಿಯ ಹೆಸರು ನೋಡಿ ಸರದಿ ಕೊಡುವುದನ್ನಾದರೂ ಬಿಡಿ. ಒಂದು ಜಾಗದಿಂದ ಎಷ್ಟು ಮನೆಗೆ ಸಿಗ್ನಲ್ ಮುಟ್ಟುತ್ತದೆ ಅಂತ ಲೆಕ್ಕ ಹಾಕಿ. ಚಿತ್ರದುರ್ಗದ ಗುಡ್ಡಗಳಿಗೆ ಗಾಳಿ ಫ್ಯಾನಿನವರು ಮಾಡಿದ ರಸ್ತೆ ಎಷ್ಟೋ ಕಡೆ ಇದೆ. ಅಂಥ ನೆತ್ತಿಯಿಂದ ಮೂರು ಹಟ್ಟಿ, ಒಂದು ಊರು ಸಿಗುವುದಾದರೆ ಅಲ್ಲೇ ಮೊದಲು. ಒಂಟಿಯಾಗಿ ಉಳಿದ ಹಟ್ಟಿ ಕಾಯಬೇಕಾಗುತ್ತದೆ. ಯಾವ ತಿಂಗಳವರೆಗೆ ಅನ್ನುವುದನ್ನು ಮಾತ್ರ ಗ್ರಾಮಸಭೆಯಲ್ಲಿ ಬರೆದು ಕೊಡಬೇಕು.